ವಾರಕ್ಕೆ ಒಂದು ಮಾತ್ರೆ

ಊರಿಗೆ ಬಂದಾಗಿನಿಂದ ಅಂಗಡಿಗೆ ಬರುವವರೆಲ್ಲ ಕೇಳುವುದು ಒಂದೇ ಮಾತು: “ಲಂಕೆಗೋಗಿದ್ರಂತೆ, ಅಶೋಕವನ ನೋಡುದ್ರಾ?” ನೋಡಲಿಲ್ಲ. ನಾನು ನೋಡಿದ್ದು ಒಂದು ಶಾಲೆಯ ಮೂರು ಕೋಣೆ, ಕೆಸರು ಬಣ್ಣದ ಒಂದು ಹೊಳೆ, ಬೆಟ್ಟದ ಮೇಲೆ ಅರ್ಧ ಉಳಿದ ಒಂದು ಮನೆ. ಆ ಮನೆಯಲ್ಲಿರುವ ಹೆಂಗಸು ನನ್ನ ಕೈತಪ್ಪಿನಿಂದ ಸಾಯಬಹುದಾಗಿತ್ತು. ಸಾಯಲಿಲ್ಲ, ಚೆನ್ನಾಗಿದ್ದಾರೆ. ಇದನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ನಿಧಾನವಾಗಿ ಬರೆಯಬಹುದು.

ಬೆಳ್ಳೂರು ಕ್ರಾಸು

ನಾವು ನಾಲ್ವರು. ನಾಲ್ವರೂ ಔಷಧಿ ಅಂಗಡಿಯವರು. ಶ್ರೀರಂಗಪಟ್ಟಣದ ಅಮ್ಜದ್ ಭಾಯ್, ಪಾಂಡವಪುರದ ಲೋಕೇಶ, ಕೆ.ಆರ್.ಪೇಟೆಯ ಶಿವಣ್ಣ, ನಾಗಮಂಗಲದಿಂದ ನಾನು. ಲಂಕೆಯ ಬೆಟ್ಟದ ಸೀಮೆಯಲ್ಲಿ ಹೊಳೆ ಉಕ್ಕಿ, ಗುಡ್ಡ ಜರಿದು, ಊರುಗಳೇ ಶಾಲೆಗಳಲ್ಲಿ ಬಂದು ಕೂತಿದ್ದವು. ಅಲ್ಲಿಗೆ ಔಷಧಿ ಬಂದು ಬೀಳುತ್ತಿದೆ, ವಿಂಗಡಿಸಿ ಹಂಚುವವರಿಲ್ಲ ಎಂದು ಒಂದು ಸೇವಾ ಸಂಸ್ಥೆಯವರು ಕೇಳಿದ್ದರು. ಶಿವಣ್ಣ ನನಗೆ ಫೋನು ಮಾಡಿ, “ಹತ್ತು ದಿನ ಅಂಗ್ಡಿ ನಿಮ್ಮೆಜಮಾನ್ರು ನೋಡ್ಕತಾರೆ, ಬಾರವ್ವ ರತ್ನ” ಎಂದರು. ನನ್ನ ಗಂಡನಿಗೂ ಇದೇ ಓದು, ಇದೇ ಕೆಲಸ. ಅವರು ಬೇಡ ಅನ್ನಲಿಲ್ಲ.

ವ್ಯಾನು ಶ್ರೀರಂಗಪಟ್ಟಣದಲ್ಲಿ ಹೊರಟು ಒಬ್ಬೊಬ್ಬರನ್ನೇ ಹತ್ತಿಸಿಕೊಂಡು ಬೆಳಗಿನ ಹೊತ್ತಿಗೆ ಬೆಳ್ಳೂರು ಕ್ರಾಸಿನಲ್ಲಿ ನಿಂತಿತು. ಅಲ್ಲಿ ಇಡ್ಲಿ ತಿನ್ನುವಾಗ ಶಿವಣ್ಣ ತಮ್ಮ ಚೀಲ ಬಿಚ್ಚಿ ತೋರಿಸಿದರು. ಎರಡು ಪಂಚೆ, ಒಂದು ಟವೆಲು, ಬೂಕನಕೆರೆಯ ಮನೆಯಲ್ಲಿ ಬೀಸಿಸಿದ ರಾಗಿ ಹಿಟ್ಟು ಎರಡು ಸೇರು.

“ಇದ್ಯಾಕಣ್ಣ?” ಎಂದೆ.

“ಅಲ್ಲಿ ಮೂರೊತ್ತೂ ಅನ್ನ ಅಂತೆ ಕಣವ್ವ. ನನ್ ಒಟ್ಟೆಗೆ ಅದು ಲೆಕ್ಕುಕ್ಕೇ ಬರಾಕಿಲ್ಲ.”

ಹಿಟ್ಟು ವಿಮಾನ ನಿಲ್ದಾಣದ ತಪಾಸಣೆಯನ್ನು ದಾಟಿತು. ದಾಟದೇ ಹೋದದ್ದು ನನ್ನ ಕತ್ತರಿ. ಮಾತ್ರೆಯ ಹಾಳೆ ಕತ್ತರಿಸುವ ಕತ್ತರಿ, ಹತ್ತೊಂಬತ್ತು ವರ್ಷದಿಂದ ಅಂಗಡಿಯಲ್ಲಿದ್ದದ್ದು. ಅಭ್ಯಾಸಬಲದಿಂದ ಕೈಚೀಲದಲ್ಲಿ ಹಾಕಿಕೊಂಡಿದ್ದೆ. ಕಾವಲಿನ ಹುಡುಗಿ ಅದನ್ನು ಎರಡು ಬೆರಳಿನಲ್ಲಿ ಹಿಡಿದು ಡಬ್ಬಕ್ಕೆ ಹಾಕಿದಳು. “ವೃತ್ತಿಯ ಸಾಮಾನು” ಎಂದೆ. “ಕಳ್ಳರೂ ಅದೇ ಹೇಳೋದು ಮೇಡಂ” ಎಂದಳು. ಸಿಟ್ಟು ಬರಲಿಲ್ಲ. ಅವಳ ಕೆಲಸ ಅವಳು ಸರಿಯಾಗಿ ಮಾಡಿದಳು.

ವಿಮಾನ ಹತ್ತಿದ ಮೇಲೆ, ಬೆಳ್ಳೂರು ಕ್ರಾಸಿನಿಂದ ಬೆಂಗಳೂರು ಮುಟ್ಟುವಷ್ಟು ಹೊತ್ತೂ ಆಗಲಿಲ್ಲ, ಕೊಳಂಬೋ ಬಂತು.

ಬೆಟ್ಟದ ಶಾಲೆ

ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ತಪ್ಪಾದದ್ದು ನನ್ನಿಂದ, ಊರಿಗೆ ಯಾಕೆ ಹೆಸರು? ಕೊಳಂಬೋದಿಂದ ಪೂರ್ವಕ್ಕೆ ಅರ್ಧ ದಿನದ ದಾರಿ. ಎರಡು ಕಡೆ ಸೇತುವೆ ಹೋಗಿದ್ದರಿಂದ ಅದು ಒಂದು ದಿನವಾಯಿತು. ಅಣೆಕಟ್ಟೆಯ ಬಾಗಿಲು ತೆಗೆದಾಗ ಶ್ರೀರಂಗಪಟ್ಟಣದಲ್ಲಿ ಕಾವೇರಿ ಮೆಟ್ಟಿಲು ಮುಳುಗಿಸುವುದನ್ನು ನಾವು ನೋಡಿದವರೇ. ಆದರೆ ನಮ್ಮದು ಬರುತ್ತೇನೆಂದು ಹೇಳಿ ಬರುವ ನೀರು. ಇಲ್ಲಿ ಹೇಳಿರಲಿಲ್ಲ. ಬೆಟ್ಟದ ಹಸಿರಿನ ನಡುವೆ ಉಗುರಿನಿಂದ ಗೀರಿದ ಹಾಗೆ ಉದ್ದುದ್ದ ಕೆಂಪು ಗಾಯಗಳು. ಒಂದೊಂದು ಗೀರಿನ ಕೆಳಗೂ ಮನೆಗಳಿದ್ದವು ಎಂದು ಡ್ರೈವರು ಕೈಯಲ್ಲೇ ತೋರಿಸಿದ. ಅಮ್ಜದ್ ಭಾಯ್ “ಯಾ ಅಲ್ಲಾ” ಎಂದರು.

ಶಾಲೆಯ ಒಂದು ಕೋಣೆ ನಮಗೆ. ಅದರಲ್ಲಿ ಎದೆಯೆತ್ತರದ ಔಷಧಿಯ ಗುಡ್ಡೆ. ದೇಶದೇಶದ ಜನ ಒಳ್ಳೆಯ ಮನಸ್ಸಿನಿಂದ ಕಳಿಸಿದ್ದು: ಅರ್ಧ ಕುಡಿದ ಕೆಮ್ಮಿನ ಔಷಧಿ, ಯಾವ ಭಾಷೆಯೆಂದೇ ತಿಳಿಯದ ಡಬ್ಬಿ, ಅವಧಿ ಮುಗಿದದ್ದು, ಹೆಸರು ಇರುವ ತುದಿಯನ್ನೇ ಕತ್ತರಿಸಿಬಿಟ್ಟ ಮಾತ್ರೆಯ ಹಾಳೆ. ಮೊದಲ ಎರಡು ದಿನ ನಾವು ರೋಗಿಯನ್ನೇ ನೋಡಲಿಲ್ಲ. ಇದು ಜ್ವರಕ್ಕೆ, ಇದು ಭೇದಿಗೆ, ಇದು ಹೂಳುವ ಗುಂಡಿಗೆ ಎಂದು ವಿಂಗಡಿಸಿದೆವು. ಗುಂಡಿಯ ಪಾಲೇ ದೊಡ್ಡದಾಯಿತು.

ಮೂರನೆಯ ದಿನ ಜನ ಬಂದರು. ನಮ್ಮಲ್ಲಿ ಹಾಗೆ ಬರುವುದಿಲ್ಲ. ನಾಗಮಂಗಲದ ನನ್ನ ಅಂಗಡಿಯಲ್ಲಿ ಮೂರು ಜನ ಇದ್ದರೆ ಮೂರು ಕೈ ಒಟ್ಟಿಗೆ ಒಳಗೆ ಬರುತ್ತವೆ. “ನಂಗ್ ಬಸ್ಸೋಯ್ತದೆ, ಒಂದ್ ಗುಳ್ಗೆ ಕೊಟ್ಬುಡಿ” ಎಂದು. ಇಲ್ಲಿ ನೂರು ಜನ ಮಾತಿಲ್ಲದೆ ಸಾಲಿನಲ್ಲಿ ನಿಂತಿದ್ದರು. ಬಾಗಿಲಿಗೆ ಬಂದಾಗ ಕೆಸರು ಮೆತ್ತಿದ ಚಪ್ಪಲಿ ಬಿಟ್ಟು ಬರಿಗಾಲಿನಲ್ಲಿ ಒಳಗೆ ಬರುತ್ತಿದ್ದರು. ನಾವು ನಾಲ್ವರೂ ಬೂಟಿನಲ್ಲಿ ನಿಂತಿದ್ದೆವು. ಹತ್ತನೆಯವರು ಬರುವಷ್ಟರಲ್ಲಿ ಲೋಕೇಶ ಬೂಟು ಬಿಚ್ಚಿ ಹೊರಗಿಟ್ಟ. ನಾವೂ ಇಟ್ಟೆವು.

ನಮ್ಮ ಮಾತು ಅವರಿಗೆ, ಅವರ ಮಾತು ನಮಗೆ ದಾಟಿಸಿದವಳು ದಿಲ್ಹಾನಿ. ಅದೇ ಶಾಲೆಯ ಮೇಡಂ, ಮೂವತ್ತರ ಒಳಗಿನ ವಯಸ್ಸು. ಅವಳು ನನ್ನೊಡನೆ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ‘ಅಕ್ಕಾ’ ಮಾತ್ರ ಅವಳದೇ. ಅಕ್ಕನಿಗೆ ಅವರಲ್ಲೂ ಅಕ್ಕ ಎನ್ನುತ್ತಾರೆ.

ಎಲ್ಲ ಪದಗಳೂ ಹೀಗೆ ಸುಲಭವಾಗಿರಲಿಲ್ಲ. ಬಾಣಂತಿಯೊಬ್ಬಳು ಔಷಧಿ ತೆಗೆದುಕೊಂಡು ಶಿವಣ್ಣನಿಗೆ ಕೈಮುಗಿದು “ತಾತ್ತಾ” ಎಂದಳು.

ಶಿವಣ್ಣನ ಮುಖ ಇಳಿಯಿತು. “ನಾನ್ ತಾತನಂಗ್ ಕಾಣ್ತೀನಾ? ಐವತ್ತೆಂಟು ಕಣವ್ವ ನಂಗೆ!”

“ತಾತ್ತಾ ಅಂದರೆ ಅಪ್ಪ” ಎಂದಳು ದಿಲ್ಹಾನಿ.

“ಅಂಗನ್ನು ಮತ್ತೆ” ಎಂದು ಶಿವಣ್ಣ ಆ ಬಾಣಂತಿಗೆ ಇನ್ನೊಂದು ಓಆರ್‌ಎಸ್ ಪೊಟ್ಟಣ ಕೊಟ್ಟರು.

ಇನ್ನೊಂದು ಪದ ‘ಹರಿ’. ಔಷಧಿ ಕೊಟ್ಟು ಹೇಳಿದ್ದಕ್ಕೆಲ್ಲ ಅವರು “ಹರಿ, ಹರಿ” ಎನ್ನುತ್ತಾರೆ. “ಎಂಥಾ ಭಕ್ತಿ ನೋಡವ್ವ, ಮಾತ್ಮಾತ್ಗೂ ಅರಿ ಅರಿ ಅಂತಾವ್ರೆ” ಎಂದು ಶಿವಣ್ಣ ಒಂದು ದಿನ ಪೂರ್ತಿ ಮೆಚ್ಚಿಕೊಂಡಿದ್ದರು. ಅದು ನಮ್ಮ ‘ಸರಿ’.

ಬುಧವಾರ

ಆ ದಿನ ಸಾಲು ಉದ್ದವಿತ್ತು. ಹನ್ನೊಂದು ಗಂಟೆಯ ಹೊತ್ತಿಗೆ ದಿಲ್ಹಾನಿಯನ್ನು ಶಿಬಿರದ ಡಾಕ್ಟರು ಪಕ್ಕದ ತಮ್ಮ ಕೋಣೆಗೆ ಕರೆದುಕೊಂಡರು. ನಮಗೆ ಆಸರೆಗೆ ಅವಳು ಬರೆದುಕೊಟ್ಟ ಒಂದು ಹಾಳೆ ಗೋಡೆಯ ಮೇಲಿತ್ತು. ಬೆಳಿಗ್ಗೆ, ರಾತ್ರಿ, ಊಟ ಆದ ಮೇಲೆ, ವಾರಕ್ಕೆ ಎನ್ನುವುದಕ್ಕೆಲ್ಲ ಸಿಂಹಳದ ಅಕ್ಷರ, ಕೆಳಗೆ ನಾನು ಕನ್ನಡದಲ್ಲಿ ಬರೆದುಕೊಂಡ ಉಚ್ಚಾರಣೆ. ಅವರ ಅಕ್ಷರ ನಮ್ಮವಕ್ಕೆ ಇನ್ನಷ್ಟು ಬಾಲ ಸುತ್ತಿದ ಹಾಗಿರುತ್ತವೆ. ನೋಡಿ ನೋಡಿ ಚೀಟಿಯ ಮೇಲೆ ಇಳಿಸುತ್ತಿದ್ದೆವು. ಚೀಟಿಯ ನಕಲು ಪುಸ್ತಕದಲ್ಲಿ ಉಳಿಯುತ್ತಿತ್ತು.

ಆಗ ಬಂದವರು ಕರುಣಾವತಿ. ಅರವತ್ತು ದಾಟಿದ ತೆಳ್ಳನೆಯ ಹೆಂಗಸು, ಎರಡೂ ಕೈಯ ಗೆಣ್ಣು ಊದಿ ಬೆರಳು ಪಕ್ಕಕ್ಕೆ ವಾಲಿದ್ದವು. ಕೀಲುವಾತ. ಡಾಕ್ಟರು ಮೆಥೊಟ್ರೆಕ್ಸೇಟ್ ಎಂಬ ಮಾತ್ರೆ ಬರೆದಿದ್ದರು, ವಾರಕ್ಕೊಮ್ಮೆ, ನಾಲ್ಕು ವಾರ. ಸಣ್ಣ ಹಳದಿ ಮಾತ್ರೆ. ವಾರಕ್ಕೊಂದು ತೆಗೆದುಕೊಂಡರೆ ಕೀಲು ಉಳಿಸುತ್ತದೆ. ದಿನಕ್ಕೊಂದು ತೆಗೆದುಕೊಂಡರೆ ಮೊದಲು ಬಾಯಿ ಹುಣ್ಣಾಗುತ್ತದೆ, ರಕ್ತದ ಕಣಗಳು ಕುಸಿಯುತ್ತವೆ, ವಯಸ್ಸಾದವರು ಉಳಿಯದೇ ಹೋಗಬಹುದು. ಔಷಧಿ ಕೊಡುವ ಯಾರಿಗೂ ಇದು ಗೊತ್ತು. ನನಗೂ ಗೊತ್ತಿತ್ತು.

ಊರಿನಲ್ಲಿ ಇದನ್ನು ಕೊಡುವಾಗ ನಾನು ‘ವಾರಕ್ಕೆ’ ಎಂದು ಯಾವತ್ತೂ ಹೇಳಿದವಳೇ ಅಲ್ಲ. “ನಿಮ್ಮನೆಗೆ ಯಾವ ವಾರ?” ಎಂದು ಕೇಳುತ್ತೇನೆ. ನಮ್ಮ ಕಡೆ ಒಂದೊಂದು ಮನೆಗೂ ಮನೆದೇವರ ವಾರ ಇದ್ದೇ ಇರುತ್ತದೆ. ಅವತ್ತು ತಲೆಗೆ ನೀರು, ಬಾಡು ಇಲ್ಲ. “ಸೋಮಾರ ಕಣವ್ವ” ಎಂದರೆ, “ಅಂಗಾದ್ರೆ ಸೋಮಾರ ಉಂಡ್ಮೇಲೆ ಒಂದು. ಮುಂದಿನ್ ಸೋಮಾರದ್ ಗಂಟ ಡಬ್ಬಿ ಮುಟ್ಬ್ಯಾಡಿ.” ಅಷ್ಟೇ. ಬಾಡು ಬೇಯಿಸದ ದಿನವನ್ನು ಯಾರೂ ಮರೆಯುವುದಿಲ್ಲ, ಮಾತ್ರೆಯನ್ನೂ ಮರೆಯುವುದಿಲ್ಲ.

ಕರುಣಾವತಿಯವರ ಮನೆಯ ವಾರ ಯಾವುದು? ಅವರಿಗೆ ಅಂಥ ವಾರ ಇದೆಯೇ? ಕೇಳುವ ಭಾಷೆ ನನ್ನಲ್ಲಿರಲಿಲ್ಲ. ಗೋಡೆಯ ಹಾಳೆ ನೋಡಿದೆ. ‘ವಾರಕ್ಕೆ’ ಎಂಬುದರ ಎದುರು ‘ಸತಿಯಕಟ’ ಎಂದಿತ್ತು. ಮಾತ್ರೆಯ ಹಾಳೆಯಿಂದ ನಾಲ್ಕನ್ನು ಮುರಿದು ಕವರಿಗೆ ಹಾಕಿ, ಚೀಟಿಯ ಮೇಲೆ ‘1’ ಎಂದು ಬರೆದು, ಪಕ್ಕದಲ್ಲಿ ಆ ಪದವನ್ನು ಚಿತ್ರ ಬಿಡಿಸಿದ ಹಾಗೆ ಬಿಡಿಸಿದೆ. ಒಂದು ಬೆರಳೆತ್ತಿ ಬಾಯಿಬಿಟ್ಟೂ ಹೇಳಿದೆ: “ಸತಿಯಕಟ.”

ಅವರು ನನ್ನ ಮುಖವನ್ನೇ ನೋಡಿದರು. “ಹರಿ” ಎಂದರು. ಚಪ್ಪಲಿ ಮೆಟ್ಟಿಕೊಂಡು ಹೋದರು. ಹಿಂದಿನವರು ಮುಂದೆ ಬಂದರು.

ಶುಕ್ರವಾರ

ಮಧ್ಯಾಹ್ನ ಊಟ ಮುಗಿದಿತ್ತು. ಅಲ್ಲಿ ಚಹಾಕ್ಕೆ ಹಾಲೂ ಇಲ್ಲ, ಸಕ್ಕರೆಯೂ ಇಲ್ಲ. ಅಂಗೈಯಲ್ಲಿ ಒಂದು ಚೂರು ತಾಳೆಬೆಲ್ಲ ಇಟ್ಟು, ಕಡಿದು ಒಂದು ಗುಟುಕು, ಮತ್ತೆ ಕಡಿದು ಇನ್ನೊಂದು ಗುಟುಕು. “ಬೆಲ್ಲ ಅಂದ್ರೆ ನಮ್ಮ ಅಚ್ಚುಬೆಲ್ಲ ಕಣ್ಲಾ ಲೋಕೇಶ, ಇದು ಕರ್ರಗದೆ” ಎನ್ನುತ್ತಲೇ ಶಿವಣ್ಣ ಮೂರನೆಯ ಚೂರಿಗೆ ಕೈ ಹಾಕಿದ್ದರು. ದಿಲ್ಹಾನಿ ನಕಲು ಪುಸ್ತಕ ತಿರುವುತ್ತಿದ್ದಳು.

“ಅಕ್ಕಾ, ಈ ಕೀಲುನೋವಿನ ಅಮ್ಮನಿಗೆ ಬರೀ ನಾಲ್ಕು ಮಾತ್ರೆ ಯಾಕೆ ಕೊಟ್ಟಿರಿ? ಮುಗಿದುಹೋಗಿತ್ತಾ?”

“ಇಲ್ಲವಲ್ಲ. ಯಾಕೆ?”

“ಒಂದು ವಾರಕ್ಕೆ, ದಿನಾ ಒಂದೊಂದು ಅಂತ ಬರೆದಿದ್ದೀರಿ. ಏಳು ಬೇಕಿತ್ತಲ್ಲ.”

ನಾನು ಎದ್ದು ನಿಂತದ್ದು ನೆನಪಿದೆ. ಚಹಾದ ಲೋಟ ಎಲ್ಲಿಟ್ಟೆನೋ ನೆನಪಿಲ್ಲ.

ಅವಳು ಬಿಡಿಸಿ ಹೇಳಿದಳು. ‘ಸತಿಯಕಟ’ ಎಂದರೆ ವಾರಕ್ಕೆ, ಸರಿಯೇ. ಆದರೆ ಆ ಹಾಳೆಯನ್ನು ಅವಳು ಬರೆದದ್ದು ಜ್ವರ, ಗಾಯದ ಮಾತ್ರೆಗಳಿಗಾಗಿ, ‘ಒಂದು ವಾರದ ಮಟ್ಟಿಗೆ’ ಎಂಬ ಅರ್ಥದಲ್ಲಿ. ಶಿಬಿರದಲ್ಲಿ ಎಲ್ಲರ ಚೀಟಿಯ ಮೇಲೂ ಅದು ಹಾಗೆಯೇ ಇತ್ತು. ನಮ್ಮ ಕನ್ನಡವೇನು ಬೇರೆಯೇ? ‘ವಾರಕ್ಕೆ ಒಂದು’ ಎಂದರೆ ಏಳು ದಿನಕ್ಕೊಂದು. ‘ಒಂದೊಂದು ತಗೊಳ್ಳಿ, ವಾರಕ್ಕೆ ಕೊಟ್ಟಿದ್ದೀನಿ’ ಎಂದರೆ ದಿನಾ ಒಂದು, ಏಳು ದಿನ. ಎರಡು ಕಡೆಯೂ ಅದೇ ‘ಕ್ಕೆ’. ನಾನು ಮೊದಲನೆಯದನ್ನು ಮನಸ್ಸಿನಲ್ಲಿಟ್ಟುಕೊಂಡು ಎರಡನೆಯದನ್ನು ಬರೆದುಕೊಟ್ಟಿದ್ದೆ.

ಬುಧವಾರ ಒಂದು, ಗುರುವಾರ ಒಂದು, ಇವತ್ತು ಒಂದು. ನಾಳೆ ನಾಲ್ಕನೆಯದು.

ನಾವು ನಾಲ್ವರೂ ನಕಲು ಪುಸ್ತಕವನ್ನು ಮೊದಲಿಂದ ನೋಡಿದೆವು. ವಾರಕ್ಕೊಮ್ಮೆಯ ಮಾತ್ರೆ ಹೋಗಿದ್ದು ಅವರೊಬ್ಬರಿಗೆ ಮಾತ್ರ. ಡಾಕ್ಟರು ಗದರಲಿಲ್ಲ. ಬಾಯಿಯಲ್ಲಿ ಹುಣ್ಣು, ಜ್ವರ ಏನಿದ್ದರೂ ತಕ್ಷಣ ಕರೆತನ್ನಿ, ಪಟ್ಟಣದ ಆಸ್ಪತ್ರೆಯಲ್ಲಿ ಇದಕ್ಕೆ ಪ್ರತಿಮದ್ದು ಇದೆ ಎಂದರು. ಕರುಣಾವತಿ ಬುಧವಾರವೇ ಶಿಬಿರ ಬಿಟ್ಟು, ಬೆಟ್ಟದ ಮೇಲಿನ ತಮ್ಮ ಮನೆಗೆ ಹೋಗಿದ್ದರು. ಅವರ ಫೋನು ಹೊಳೆಯ ಪಾಲಾಗಿತ್ತು. ದಾರಿಯ ಮೇಲೆ ಬಿದ್ದ ಮಣ್ಣು ತೆಗೆಯುವ ಯಂತ್ರ ಕೆಲಸ ಮಾಡುತ್ತಿದೆ, ನಾಳೆ ಬೆಳಿಗ್ಗೆಯವರೆಗೆ ಯಾರನ್ನೂ ಬಿಡುವುದಿಲ್ಲ ಎಂದು ದಾರಿ ಕಾಯುತ್ತಿದ್ದ ಪೊಲೀಸರು ಹೇಳಿದರು. ನಾನು ಎರಡು ಸಲ ಹೋಗಿ ಕೇಳಿದೆ. ಬಿಡಲಿಲ್ಲ.

ಹತ್ತುವ ದಾರಿ

ಶನಿವಾರ ಬೆಳಕಾದ ಕೂಡಲೇ ನಾನು, ದಿಲ್ಹಾನಿ, ಶಿವಣ್ಣ ಹೊರಟೆವು. ಆಟೋ ಅರ್ಧ ದಾರಿ ಬಂತು. ಮುಂದೆ ಚಹಾ ತೋಟದ ನಡುವೆ ನಡಿಗೆ. ಶಿವಣ್ಣನ ಮಂಡಿ ಸರಿಯಿಲ್ಲ. ಬೇಡವೆಂದರೂ ಬಂದಿದ್ದರು.

“ಸುಮ್ನೆ ನಡಿಬ್ಯಾಡ, ಏನಾರ ಮಾತಾಡು” ಎಂದರು.

“ಏನ್ ಮಾತಾಡ್ಲಣ್ಣ. ಇಷ್ಟೊತ್ಗೆ ನಾಲ್ಕನೇದು ನುಂಗಿರ್ತಾರೆ.”

“ನಾನೇ ಏಳ್ತೀನಿ ಕೇಳು. ಅಂಗ್ಡಿ ಮಡ್ಗಿದ ವರ್ಸ. ಒಸಹೊಳಲಿನ ಒಬ್ಬ ಮುದುಕಪ್ಪಂಗೆ ಕಣ್ಣಿನ್ ಡ್ರಾಪ್ಸು ಅಂತ ಕಿವಿದು ಕೊಟ್ಬುಟ್ಟಿದ್ದೆ. ಸಂಜೆ ಡಬ್ಬಿ ಜೋಡುಸ್ತಾ ಗೊತ್ತಾಯ್ತು. ಸೈಕಲ್ ಅತ್ತಿ ಎಂಗ್ ತುಳುದ್ನೋ ಆ ದೇವ್ರಿಗೇ ಗೊತ್ತು.”

“ಆಮೇಲೆ?”

“ಓಗಿ ನೋಡ್ತೀನಿ, ಆವಪ್ಪ ಬಾಟ್ಲಿನ ದೇವ್ರ ಗೂಡ್ನಲ್ಲಿ ಮಡ್ಗಿ ಕುಂಕ್ಮ ಇಟ್ಟವ್ನೆ! ‘ಸುಕ್ರಾರ ಪೂಜೆ ಮಾಡಿ ಆಮೇಲ್ ಬುಟ್ಕೊಳವ ಅಂತಿದ್ದೆ ಕಣ್ಲಾ, ಯಾಕ್ಲಾ ಇಂಗ್ ಬೆವರ್ತಿದ್ದೀಯೆ?’ ಅಂದ.”

ದಿಲ್ಹಾನಿಗೆ ಅರ್ಥವಾಗಲಿಲ್ಲ, ಆದರೂ ನಕ್ಕಳು. ನನಗೆ ಅರ್ಥವಾಗಿತ್ತು. ನಗು ಬರಲಿಲ್ಲ.

ಶಿವಣ್ಣ ನಿಂತು ಉಸಿರು ತೆಗೆದುಕೊಂಡರು. “ಎಲ್ರೂ ಅಂಗೆ ಉಳ್ಕತಾರೆ ಅಂತ ಏಳ್ತಾ ಇಲ್ಲ ಕಣವ್ವ. ಓಗಬೇಕು ಅಂತ ಏಳ್ತಿದ್ದೀನಿ. ನಡಿ.”

ಕರುಣಾವತಿಯ ಮನೆ

ಅಡುಗೆಕೋಣೆಯ ಗೋಡೆ ಬಿದ್ದಿತ್ತು. ನಡುಮನೆ ನಿಂತಿತ್ತು. ಕರುಣಾವತಿ ಮೆಟ್ಟಿಲ ಮೇಲೆ ಕುಳಿತು ಅಕ್ಕಿ ಆರಿಸುತ್ತಿದ್ದರು. ನಮ್ಮನ್ನು ನೋಡಿ ಮೊರ ಬದಿಗಿಟ್ಟು ಎದ್ದರು. ಎದ್ದರು ಎಂಬುದನ್ನೇ ನಾನು ಮೊದಲು ನೋಡಿದೆ.

“ಬಾಯಿ ತೆರೆಯಲು ಹೇಳು” ಎಂದೆ ದಿಲ್ಹಾನಿಗೆ. ನಮಸ್ಕಾರವನ್ನೂ ಮಾಡಲಿಲ್ಲ.

ಅವರು ತೆರೆದರು. ನಾಲಿಗೆ, ವಸಡು, ಕೆನ್ನೆಯ ಒಳಗೆಲ್ಲ ಕೆಂಪು. ಹಿಂದಿನಿಂದ ಶಿವಣ್ಣ ಇಣುಕಿ, “ಎಲೆಅಡಿಕೆ ಕಣವ್ವ, ವಾಸ್ನೆ ನೋಡು” ಎಂದರು. ನೀರು ಕೊಟ್ಟು ಬಾಯಿ ಮುಕ್ಕಳಿಸುವಂತೆ ಮಾಡಿದೆ. ಅವರು ಅತಿಥಿಗಳ ಈ ಪದ್ಧತಿಗೆ ಆಶ್ಚರ್ಯಪಡುತ್ತಲೇ ಮುಕ್ಕಳಿಸಿ ಮತ್ತೆ ಬಾಯಿ ತೆರೆದರು. ಹುಣ್ಣು ಇರಲಿಲ್ಲ. ಹಣೆ ಮುಟ್ಟಿದೆ. ತಣ್ಣಗಿತ್ತು.

“ಮಾತ್ರೆ ಎಲ್ಲಿ?”

ನಾನು ಕೊಟ್ಟ ಕವರನ್ನೇ ತಂದರು. ತೆಗೆದುಕೊಂಡು ಬಗ್ಗಿಸಿದೆ. ಖಾಲಿ. ಮೂಲೆ ಹಿಂಡಿ ನೋಡಿದೆ. ಒಂದೂ ಇರಲಿಲ್ಲ.

ದಿಲ್ಹಾನಿ ಏನೋ ಕೇಳಿದಳು. ಅವರು ಒಂದು ಬೆರಳೆತ್ತಿದರು. ಮತ್ತೆ ಕೇಳಿದಳು. ಅವರು ಸ್ವಲ್ಪ ಬೇಸರದಿಂದಲೇ ನನ್ನ ಮಣಿಕಟ್ಟು ಹಿಡಿದು ನಡುಮನೆಗೆ ಕರೆದೊಯ್ದರು.

ಗೋಡೆಯ ಮೇಲೆ ಕ್ಯಾಲೆಂಡರು. ಒಂದು ಮೂಲೆ ನೀರು ಕುಡಿದು ಉಬ್ಬಿತ್ತು. ಈ ಬುಧವಾರದ ಚೌಕದಲ್ಲಿ ಪೆನ್ನಿನ ಒಂದು ಅಡ್ಡಗೀಟು. ಮುಂದಿನ ಬುಧವಾರದ ಚೌಕದಲ್ಲಿ, ಕಾಗದಕ್ಕೆ ಪಿನ್ನು ಚುಚ್ಚಿ, ಹೊಳೆಯುವ ತನ್ನದೇ ಹಾಳೆಯ ಚೂರಿನೊಳಗೆ ಒಂದು ಹಳದಿ ಮಾತ್ರೆ. ಅದರ ಮುಂದಿನ ಬುಧವಾರದಲ್ಲಿ ಇನ್ನೊಂದು. ಅಲ್ಲಿಗೆ ತಿಂಗಳು ಮುಗಿದಿತ್ತು. ನುಂಗಿದ್ದು ಒಂದು, ಇಲ್ಲಿ ಎರಡು. ನಾನು ಅವರ ಮುಖ ನೋಡಿದೆ. ಅವರು ಆ ವಾಲಿದ ಬೆರಳುಗಳಿಂದ ಆ ತಿಂಗಳ ಹಾಳೆಯನ್ನು ಮೆಲ್ಲಗೆ ಎತ್ತಿದರು. ಬರುವ ತಿಂಗಳ ಮೊದಲ ಬುಧವಾರದಲ್ಲಿ ನಾಲ್ಕನೆಯದು ಇತ್ತು.

ಕುಳಿತುಬಿಟ್ಟೆ. ಅಳು ಬಂತು. ಹೊರಗೆ ಶಿವಣ್ಣ “ಏನವ್ವಾ? ಏನಾಯ್ತು ಏಳ್ರವ್ವ!” ಎಂದು ಕೂಗುತ್ತಿದ್ದರು. ದಿಲ್ಹಾನಿ ಹೋಗಿ, ನಾಲ್ಕರ ಲೆಕ್ಕವೂ ಸಿಕ್ಕಿತೆಂದು ನಗುತ್ತ ನಾಲ್ಕು ಬೆರಳು ತೋರಿಸಿದಳು. ಅವರು ಮೆಟ್ಟಿಲ ಮೇಲೆ ಕುಳಿತ ಸದ್ದು ಕೇಳಿತು.

ಆಮೇಲೆ ಕರುಣಾವತಿ ಹೇಳಿದ್ದು ಇಷ್ಟು. ಒಂಬತ್ತು ವರ್ಷದಿಂದ ಈ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಪಟ್ಟಣದ ಆಸ್ಪತ್ರೆಯಲ್ಲಿ ಔಷಧಿ ಕೊಡುವವರೊಬ್ಬರು ಮೊದಲ ದಿನವೇ ಕೂರಿಸಿಕೊಂಡು, ಕ್ಯಾಲೆಂಡರು ತರಿಸಿ, ಒಂದೊಂದು ಮಾತ್ರೆಯನ್ನೂ ತಾವೇ ಪಿನ್ನು ಚುಚ್ಚಿ ತೋರಿಸಿದ್ದರಂತೆ. “ಬುಧವಾರ. ಬೇರೆ ಯಾರು ಏನು ಹೇಳಿದರೂ ಬುಧವಾರವೇ. ಡಾಕ್ಟರು ಹೇಳಿದರೂ, ನಾನೇ ಮರೆತು ಹೇಳಿದರೂ” ಎಂದಿದ್ದರಂತೆ.

“ಹಾಗಾದರೆ ನಾನು ವಾರಕ್ಕೆ ಅಂದಾಗ ಯಾಕೆ ಹರಿ ಅಂದರು? ಕೇಳು.”

ದಿಲ್ಹಾನಿ ಕೇಳಿದಳು. ಉತ್ತರ ಹೇಳುವ ಮೊದಲೇ ಅವಳಿಗೆ ನಗು. “ನೀವು ಅಷ್ಟು ಕಷ್ಟಪಟ್ಟು ನಮ್ಮ ಭಾಷೆ ಮಾತಾಡುತ್ತಿದ್ದಿರಂತೆ. ತಪ್ಪು ಅಂದರೆ ನಿಮಗೆ ಬೇಜಾರಾಗುತ್ತೆ ಅಂತ.”

ಆ ಔಷಧಿಯವರ ಹೆಸರೇನು, ಈಗ ಎಲ್ಲಿದ್ದಾರೆ ಎಂದು ಕೇಳಿದೆ. ಹೆಸರು ಅವರಿಗೆ ಗೊತ್ತಿರಲಿಲ್ಲ. ಎಷ್ಟೋ ವರ್ಷದ ಹಿಂದೆ ವರ್ಗವಾಗಿ ಹೋದರು, ಕನ್ನಡಕ ಹಾಕುತ್ತಿದ್ದರು, ಬಹಳ ಸಿಡುಕು ಎಂದರು. ಅವರನ್ನು ನಾನು ಎಂದೂ ನೋಡಲಾರೆ. ನನ್ನ ತಪ್ಪು ನಡೆಯುವ ಒಂಬತ್ತು ವರ್ಷ ಮೊದಲೇ ಅದನ್ನು ತಿದ್ದಿ, ಹೆಸರು ಹೇಳದೆ ಅವರು ಹೊರಟುಹೋಗಿದ್ದರು.

ಕುರಕ್ಕನ್ ಎಂದರೆ ರಾಗಿ ಎಂದು ಅಲ್ಲಿಯೇ ತಿಳಿದದ್ದು. ಕರುಣಾವತಿ ಅದರ ಹಿಟ್ಟು ಕುದಿಸಿ ಕಟ್ಟಿದ್ದು ನಮ್ಮ ಮುದ್ದೆಯೇ. ಶಿವಣ್ಣ ಅದನ್ನು ಮುರಿದು ಬೆರಳಿನಲ್ಲಿ ಒತ್ತಿ, “ಗಂಟಿಲ್ಲ ಕಣವ್ವ, ಗಂಟಿಲ್ಲ!” ಎಂದು ಮೂರು ಸಲ ಹೇಳಿದರು. ನಾನೂ ತಿಂದೆ. ಶುಕ್ರವಾರ ಮಧ್ಯಾಹ್ನದಿಂದ ಏನೂ ತಿಂದಿರಲಿಲ್ಲ.

ಹೊರಡುವ ಮೊದಲು ಖಾಲಿ ಕವರು ಕೇಳಿ ತೆಗೆದುಕೊಂಡೆ. ‘ಸತಿಯಕಟ’ವನ್ನು ಓದಲಾಗದಂತೆ ಹೊಡೆದುಹಾಕಿ, ಕ್ಯಾಲೆಂಡರಿನ ನೆತ್ತಿಯ ಮೇಲಿದ್ದ ಬುಧವಾರದ ಪದವನ್ನು ನೋಡಿ ಬರೆದೆ. ಕರುಣಾವತಿ ಬಗ್ಗಿ ನೋಡಿ, ಒಂದು ಅಕ್ಷರದ ಬಾಲ ಸಾಲದೆಂದು ನನ್ನ ಪೆನ್ನು ತೆಗೆದುಕೊಂಡು ತಾವೇ ಉದ್ದ ಮಾಡಿದರು. ಆಮೇಲೆ ಒಂದು ಕೈಯಲ್ಲಿ ನನ್ನ ಮಣಿಕಟ್ಟು ಹಿಡಿದು, ಪದದ ಮೇಲೆ ಬೆರಳಿಟ್ಟು ನನ್ನ ಕಡೆ ನೋಡಿದರು.

“ಬದದ” ಎಂದೆ.

ತಲೆಯಾಡಿಸಿದರು. ಅಲ್ಲ. “ಬದಾದಾ.”

“ಬದಾದ.”

ಮತ್ತೆ ಅಲ್ಲ. ದಿಲ್ಹಾನಿ ಪರವಾಗಿಲ್ಲ ಬಿಡಿ ಎನ್ನುವಂತೆ ಏನೋ ಹೇಳಿದಳು. ಅವರು ಅವಳ ಕಡೆ ತಿರುಗಿಯೂ ನೋಡಲಿಲ್ಲ, ನನ್ನ ಮಣಿಕಟ್ಟನ್ನೂ ಬಿಡಲಿಲ್ಲ. ನಾಲ್ಕನೆಯ ಸಲಕ್ಕೆ ಸರಿಯಾಗಿ ಬಂತು. ಆಮೇಲೆ ಬಿಟ್ಟರು.